ಹರ್ಲಿ ಹಿಡಿದ ಮೇಲೆ ಕಾಣುವ ಆಟ

ಐರ್ಲೆಂಡಿಗೆ ಹೋಗಿಬರುವ ನಮ್ಮವರು ಏನೇನು ನೋಡುತ್ತಾರೆ ಎನ್ನುವ ಪಟ್ಟಿ ನನಗೀಗ ಬಾಯಿಪಾಠ. ಮೋಹರ್‌ನ ಕಡಲ ಬಂಡೆಗಳು, ಡಬ್ಲಿನ್ನಿನ ಗಿನ್ನೆಸ್ ಕಾರ್ಖಾನೆ, ಟ್ರಿನಿಟಿ ಕಾಲೇಜಿನ ಹಳೆಯ ಗ್ರಂಥಾಲಯ. ಅಲ್ಲಿಗೆ ಮುಗಿಯಿತು. ಆಟದ ಮಾತೆತ್ತಿದರೆ, ‘ಹಾಕಿ ಥರದ್ದೇನೋ ಆಡ್ತಾರಂತಲ್ಲ ಸಾರ್’ ಎನ್ನುತ್ತಾರೆ. ಕೈಯಲ್ಲಿ ಕೋಲಿದೆ ಎನ್ನುವುದೊಂದನ್ನು ಬಿಟ್ಟರೆ ಹರ್ಲಿಂಗ್‌ಗೂ ನಮ್ಮ ಹಾಕಿಗೂ ದೂರದ ನೆಂಟಸ್ತಿಕೆ ಅಷ್ಟೆ. ಇಲ್ಲಿ ಚೆಂಡು ಹೆಚ್ಚು ಹೊತ್ತು ಇರುವುದು ಗಾಳಿಯಲ್ಲಿ. ಅದನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ಅಂಗೈಯಿಂದ ತಟ್ಟಿ ಜೊತೆಗಾರನಿಗೆ ಕೊಡಬಹುದು, ಕೋಲಿನ ತುದಿಯಲ್ಲಿ ಕೂರಿಸಿಕೊಂಡು ಓಡಬಹುದು, ತಲೆಯ ಮೇಲೆ ಹಾರಿ ಬಂದದ್ದನ್ನು ಹಾಗೇ ಬಾರಿಸಬಹುದು. ನಮ್ಮ ಕೊಡಗಿನ ಹಾಕಿ ಅಂಪೈರ್ ಒಬ್ಬರನ್ನು ಕರೆದೊಯ್ದು ಅಲ್ಲಿ ನಿಲ್ಲಿಸಿದರೆ, ಐದು ನಿಮಿಷದಲ್ಲಿ ಸೀಟಿ ಊದಿ ಊದಿ ಸುಸ್ತಾಗಿ ಕುಳಿತಾರು.

ತಂಡಕ್ಕೆ 15 ಮಂದಿ. ಮೈದಾನದ ಉದ್ದ 130ರಿಂದ 145 ಮೀಟರ್, ಅಂದರೆ ಫುಟ್‌ಬಾಲ್ ಮೈದಾನಕ್ಕಿಂತ ಚೆನ್ನಾಗಿಯೇ ಉದ್ದ. ಗೋಲಿನ ಕಂಬಗಳು ಇಂಗ್ಲಿಷಿನ ‘ಎಚ್’ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಮೇಲಿನಿಂದ ಚೆಂಡು ದಾಟಿದರೆ ಒಂದು ಅಂಕ, ಕೆಳಗಿನಿಂದ ಒಳಗೆ ಹೋದರೆ ಗೋಲು, ಅದಕ್ಕೆ ಮೂರು ಅಂಕ. ಗೋಲು ಮತ್ತು ಅಂಕವನ್ನು ಬೇರೆಬೇರೆ ಬರೆಯುವುದು ರೂಢಿ. 2025ರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಟಿಪ್ಪರರಿ 3-27, ಕಾರ್ಕ್ 1-18. ಕೂಡಿಸಿದರೆ 36ಕ್ಕೆ 21. ಮಧ್ಯಂತರದಲ್ಲಿ ಆರು ಅಂಕ ಮುಂದಿದ್ದ ಕಾರ್ಕ್, ಉಳಿದರ್ಧದಲ್ಲಿ ಗಳಿಸಿದ್ದು ಎರಡೇ ಅಂಕ. ಈ ಆಟದ ಪಂದ್ಯಗಳು ಹೀಗೆ ಮಗುಚಿಕೊಳ್ಳುವುದುಂಟು. ಅಂಕ ಬಂದರೆ ಬಿಳಿ ಕೋಟು ತೊಟ್ಟ ಅಂಪೈರ್ ಬಿಳಿ ಬಾವುಟ ಬೀಸುತ್ತಾನೆ, ಗೋಲಾದರೆ ಹಸಿರು.

ಇಷ್ಟು ಗೊತ್ತಿದ್ದರೆ ನೋಡಲು ಸಾಕು ಎಂದು ಎಲ್ಲರೂ ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ಕೋಲು ಹಿಡಿಯದೆ ನೋಡಿದವನಿಗೆ ಹರ್ಲಿಂಗ್ ಒಂದು ಗದ್ದಲ. ಅರ್ಧ ದಿನ ಹಿಡಿದು ನೋಡಿದವನಿಗೆ ಅದೇ ಗದ್ದಲದಲ್ಲಿ ಒಂದೊಂದು ಕುಸುರಿ ಕೆಲಸವೂ ಕಾಣತೊಡಗುತ್ತದೆ. ಪ್ರವಾಸಿಗರಿಗಾಗಿ ಡಬ್ಲಿನ್ನಿನಲ್ಲೂ ಕಿಲ್ಕೆನಿಯಲ್ಲೂ ಒಂದೆರಡು ಗಂಟೆಯ ಪಾಠಗಳಿವೆ. ಅಲ್ಲಿಗೆ ಹೋದರೆ ಆಟ ಬರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಐದನೇ ವಯಸ್ಸಿನಿಂದ ಕೋಲು ಹಿಡಿದು ಬೆಳೆದವರ ಆಟವಿದು. ಪಾಠ ಆಡುವುದಕ್ಕಲ್ಲ, ನೋಡುವುದಕ್ಕೆ.

ಕಿಲ್ಕೆನಿಯ ಹೊರವಲಯದ ಕ್ಲಬ್ ಮೈದಾನವೊಂದರಲ್ಲಿ ನನ್ನ ಪಾಠ ನಡೆಯಿತು. ಕಲಿಸಿದವರು ನಿವೃತ್ತ ಮೇಷ್ಟರು. ಮೊದಲು ಹೆಲ್ಮೆಟ್ ಕೊಟ್ಟರು. ಮುಖದ ಮುಂದೆ ಜಾಲರಿಯಿರುವ ಈ ಹೆಲ್ಮೆಟ್ 2010ರಿಂದ ಎಲ್ಲ ಆಟಗಾರರಿಗೂ ಕಡ್ಡಾಯ. ಅದಕ್ಕೂ ಮೊದಲಿನವರು ಬರಿತಲೆಯಲ್ಲೇ ಆಡಿದ ಫೋಟೋಗಳನ್ನು ನೋಡಿದರೆ ಈಗಲೂ ನನ್ನ ಹಲ್ಲು ಜುಮ್ಮೆನ್ನುತ್ತದೆ. ಆಮೇಲೆ ಕೈಗೆ ಬಂದದ್ದು ಹರ್ಲಿ. ಮೂರಡಿ ಉದ್ದದ ಆಶ್ ಮರದ ಕೋಲು, ತುದಿ ಅಂಗೈ ಚಾಚಿದಂತೆ ಅಗಲ. ಆ ಅಗಲವಾದ ಭಾಗಕ್ಕೆ ‘ಬಾಸ್’ ಎನ್ನುತ್ತಾರೆ. ಅದು ಸೀಳಬಾರದೆಂದು ಸುತ್ತ ತಗಡಿನ ಪಟ್ಟಿ ಹೊಡೆದಿರುತ್ತಾರೆ.

ಕ್ರಿಕೆಟ್ ಆಡಿದ ಕೈಗೆ ಮೊದಲ ಪೆಟ್ಟು ಹಿಡಿತದಲ್ಲೇ ಬೀಳುತ್ತದೆ. ಬಲಗೈಯವರು ಬ್ಯಾಟ್ ಹಿಡಿದರೆ ಎಡಗೈ ಮೇಲೆ, ಬಲಗೈ ಕೆಳಗೆ. ಹರ್ಲಿಯಲ್ಲಿ ಬಲಗೈ ಮೇಲೆ. ಆಟದ ಹೆಚ್ಚಿನ ಹೊತ್ತು ಕೋಲು ಒಂದೇ ಕೈಯಲ್ಲಿರಬೇಕು, ಇನ್ನೊಂದು ಕೈ ಚೆಂಡು ಹಿಡಿಯಲು ಬಿಡುವಾಗಿರಬೇಕು. ಕೋಲಿನ ಪಾಲಿಗೆ ಬಲವಾದ ಕೈಯೇ ಬೇಕಲ್ಲ, ಅದಕ್ಕೆ. ಹೊಡೆಯುವ ಗಳಿಗೆಯಲ್ಲಿ ಎಡಗೈ ಬಂದು ಕೆಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಬಲಬದಿಯಿಂದ ಹೊಡೆಯಲು ಹೋದರೆ ಕೈಗಳು ಕತ್ತರಿಯಾಗುತ್ತವೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಕವರ್ ಡ್ರೈವ್ ಬಾರಿಸಿ ಬೀಗಿದವರೆಲ್ಲ ಇಲ್ಲಿ ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕು.

ಎರಡನೆಯದು ಚೆಂಡನ್ನು ನೆಲದಿಂದ ಎತ್ತುವುದು. ಸ್ಲಿಟರ್ ಎನ್ನುವ ಈ ಚೆಂಡು ತೊಗಲಿನದು, 110ರಿಂದ 120 ಗ್ರಾಂ ತೂಗುತ್ತದೆ. ಕ್ರಿಕೆಟ್ ಚೆಂಡಿಗಿಂತ ಹಗುರ, ಅದರ ಹೊಲಿಗೆ ಮಾತ್ರ ಉಬ್ಬು. ನೆಲದ ಮೇಲಿರುವ ಚೆಂಡನ್ನು ನೇರವಾಗಿ ಕೈಯಿಂದ ಎತ್ತಿದರೆ ತಪ್ಪು. ಕೋಲಿನಿಂದಲೇ ಎಬ್ಬಿಸಬೇಕು. ಚೆಂಡಿನ ಪಕ್ಕ ಎಡಗಾಲಿಟ್ಟು, ಮಂಡಿ ಬಗ್ಗಿಸಿ, ಕೋಲು ಹಿಡಿದ ಹೆಬ್ಬೆರಳನ್ನು ಬಾಸ್‌ನ ಕಡೆ ಚಾಚಿ, ಕೋಲನ್ನು ನೆಲಕ್ಕೆ ಹೆಚ್ಚುಕಮ್ಮಿ ಮಲಗಿಸಿ ಚೆಂಡಿನಡಿ ಚಕ್ಕನೆ ನೂಕಬೇಕು. ಚೆಂಡು ಎದ್ದ ಕ್ಷಣ ಬಿಡುವಾಗಿರುವ ಕೈಯಲ್ಲಿ ಹಿಡಿಯಬೇಕು. ಚಿನ್ನಿದಾಂಡು ಆಡಿದವರಿಗೆ ಈ ಕ್ಷಣ ಗೊತ್ತು. ಚಿನ್ನಿಯ ಮೂತಿಗೆ ತಟ್ಟಿದಾಗ ಅದು ಎದ್ದು ಗಾಳಿಯಲ್ಲಿ ಒಂದರೆಗಳಿಗೆ ನಿಂತಂತೆ ಅನಿಸುತ್ತದಲ್ಲ, ಅದೇ. ವ್ಯತ್ಯಾಸವಿಷ್ಟೇ: ಚಿನ್ನಿಯನ್ನು ಎಬ್ಬಿಸುವಾಗ ಪಕ್ಕದಲ್ಲಿ ಇನ್ನೊಬ್ಬ ದಾಂಡು ಬೀಸುತ್ತಾ ನಿಂತಿರುವುದಿಲ್ಲ.

ಮಾರನೆಯ ಭಾನುವಾರ ನೌಲಾನ್ ಪಾರ್ಕಿನಲ್ಲಿ ಪಂದ್ಯ ನೋಡುವಾಗ ನಾನು ಗೋಲಿನ ಕಡೆ ನೋಡಲೇ ಇಲ್ಲ. ಇಬ್ಬರು ಭುಜಕ್ಕೆ ಭುಜ ಕೊಟ್ಟು ಚೆಂಡಿನ ಹಿಂದೆ ಓಡುತ್ತಿರುತ್ತಾರೆ. ಒಬ್ಬ ಓಟ ತಗ್ಗಿಸದೆ ಬಗ್ಗಿ ಕೋಲು ತೂರಿಸುತ್ತಾನೆ, ಚೆಂಡು ಅವನ ಕೈಗೆ ಬಂದಿರುತ್ತದೆ. ಕೈಯಲ್ಲಿಟ್ಟುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಅಷ್ಟರೊಳಗೆ ಬಾರಿಸಬೇಕು, ತಟ್ಟಿ ಕೊಡಬೇಕು, ಇಲ್ಲವೇ ಕೋಲಿನ ಮೇಲೆ ಕೂರಿಸಿಕೊಂಡು ಓಟ ಮುಂದುವರಿಸಬೇಕು. ನನ್ನ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಅಂಕ ಬಂದಾಗ ಸುಮ್ಮನಿದ್ದು, ಒಬ್ಬ ಹುಡುಗ ಎರಡು ಕೋಲುಗಳ ನಡುವಿನಿಂದ ಚೆಂಡೆತ್ತಿದಾಗ ಚಪ್ಪಾಳೆ ತಟ್ಟಿದರು. ಆಕೆ ಏಕೆ ತಟ್ಟಿದರೆಂದು ನನಗೆ ಗೊತ್ತಾಯಿತು. ಪಾಠಕ್ಕೆ ಕೊಟ್ಟ ದುಡ್ಡು ವಸೂಲಾದದ್ದು ಅಲ್ಲಿ.

ಹರ್ಲಿ ಕೊಳ್ಳುವ ಆಸೆಯಿದ್ದರೆ ಪ್ರವಾಸಿ ಅಂಗಡಿಯ ಬಣ್ಣದ ಕೋಲು ಬೇಡ. ಆಟಗಾರರಿಗೆ ಕೋಲು ಮಾಡಿಕೊಡುವವನ ಬಳಿ ಹೋಗಿ. ಆಶ್ ಮರದ ಬುಡದಲ್ಲಿ, ಕಾಂಡ ಬೇರಿನ ಕಡೆ ಅಗಲವಾಗುವ ಜಾಗದಿಂದಲೇ ಒಳ್ಳೆಯ ಹರ್ಲಿ ಹುಟ್ಟುವುದು. ಅಲ್ಲಿ ಮರದ ಎಳೆ ತಾನಾಗಿ ಬಾಗಿರುತ್ತದೆ. ಆ ಬಾಗು ಬಾಸ್‌ನ ಬಾಗಿನ ಜೊತೆಗೇ ಹರಿದಿದ್ದರೆ ಕೋಲು ಏಟು ತಾಳುತ್ತದೆ, ಎಳೆ ಅಡ್ಡ ಕತ್ತರಿಸಿದ್ದರೆ ಮೊದಲ ಜಟಾಪಟಿಯಲ್ಲೇ ಎರಡು ತುಂಡು. ಈಗ ಆ ಮರಕ್ಕೇ ಕುತ್ತು ಬಂದಿದೆ. ಎಲೆ ಒಣಗಿಸಿ ಕೊನೆಗೆ ಮರವನ್ನೇ ಕೊಲ್ಲುವ ಶಿಲೀಂಧ್ರ ರೋಗ 2012ರಲ್ಲಿ ಐರ್ಲೆಂಡಿನಲ್ಲಿ ಮೊದಲು ಪತ್ತೆಯಾಯಿತು, ದೇಶದ ಉದ್ದಗಲಕ್ಕೂ ಹಬ್ಬಿತು. ಹರ್ಲಿಗೆ ಬೇಕಾದ ಮರ ಹೆಚ್ಚಾಗಿ ಹೊರದೇಶಗಳಿಂದ ಬರುತ್ತಿದೆ. ಬಿದಿರಿನ ಹರ್ಲಿ, ಕೃತಕ ವಸ್ತುವಿನ ಹರ್ಲಿ ಎರಡೂ ಬಂದಿವೆ. ಬಿದಿರಿನದು ಪರವಾಗಿಲ್ಲ. ಪ್ಲಾಸ್ಟಿಕ್ಕಿನದು ಚೆಂಡಿಗೆ ತಾಗಿದಾಗ ಬರುವ ಸದ್ದು ನನಗೆ ಹಿಡಿಸಲಿಲ್ಲ.

ಇದೆಲ್ಲದರ ಹಿಂದೆ ನಿಂತಿರುವುದು ಜಿಎಎ, ಅಂದರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. 1884ರ ನವೆಂಬರ್ 1ರಂದು ಟಿಪ್ಪರರಿಯ ಥರ್ಲಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಮೈಕೇಲ್ ಕ್ಯೂಸಕ್, ಮಾರಿಸ್ ಡೇವಿನ್ ಮೊದಲಾದ ಕೆಲವೇ ಜನ ಕೂತು ಕಟ್ಟಿದ ಸಂಸ್ಥೆ. ಇಂಗ್ಲಿಷ್ ಆಟಗಳ ಭರಾಟೆಯಲ್ಲಿ ಊರಿನ ಆಟ ಅಳಿಯದಿರಲಿ ಎನ್ನುವುದು ಅವರ ಹಟ. ಆಳುವವರಿಗೆ ಈ ಆಟದ ಮೇಲೆ ಕಣ್ಣು ಅದಕ್ಕೂ ಹಳೆಯದು. 1366ರ ಕಿಲ್ಕೆನಿ ಕಾಯ್ದೆಗಳಲ್ಲೇ ಇದಕ್ಕೆ ನಿಷೇಧವಿತ್ತು. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಜಿಎಎಯ ಮುಖ್ಯ ನೆಲೆ, 82,300 ಜನ ಹಿಡಿಸುವ ಮೈದಾನ. ಪಂದ್ಯವಿಲ್ಲದ ದಿನವೂ ಅದರ ವಸ್ತುಸಂಗ್ರಹಾಲಯ ನೋಡಬಹುದು. 1920ರ ನವೆಂಬರ್ 21ರಂದು ಗೇಲಿಕ್ ಫುಟ್‌ಬಾಲ್ ಪಂದ್ಯದ ನಡುವೆ ಬ್ರಿಟಿಷ್ ಪಡೆಗಳು ಅಲ್ಲಿಗೆ ನುಗ್ಗಿ ಗುಂಡು ಹಾರಿಸಿದವು. ಸತ್ತವರು 14 ಮಂದಿ, ಅವರಲ್ಲೊಬ್ಬ ಟಿಪ್ಪರರಿಯ ಆಟಗಾರ ಮೈಕೇಲ್ ಹೋಗನ್. ಮೈದಾನದ ಮುಖ್ಯ ಸ್ಟ್ಯಾಂಡಿಗೆ ಅವನದೇ ಹೆಸರು. ‘ವಿದೇಶಿ’ ಆಟ ಆಡಿದ ಸದಸ್ಯರನ್ನು ಹೊರಹಾಕುವ ನಿಯಮ ಜಿಎಎಯಲ್ಲಿ 1971ರವರೆಗೂ ಇತ್ತು. ಇಂಗ್ಲೆಂಡಿನ ರಗ್ಬಿ ತಂಡ ಕ್ರೋಕ್ ಪಾರ್ಕಿನ ಹುಲ್ಲು ತುಳಿದದ್ದು 2007ರಲ್ಲಿ. ಇದನ್ನು ತಿಳಿದು ನೋಡಿದರೆ ಆ ಸ್ಟ್ಯಾಂಡಿನ ಮೆಟ್ಟಿಲು ಹತ್ತುವಾಗ ಹೆಜ್ಜೆ ತಾನಾಗಿ ನಿಧಾನವಾಗುತ್ತದೆ.

ಅಷ್ಟು ದೊಡ್ಡ ಮೈದಾನ ತುಂಬಿಸುವ ಆಟಗಾರರಿಗೆ ಸಂಬಳವಿಲ್ಲ. ಹರಾಜೂ ಇಲ್ಲ. ನಿಮ್ಮ ಊರು ಯಾವುದೋ ಆ ಊರಿನ ಕ್ಲಬ್ಬು, ಆ ಕ್ಲಬ್ಬಿನಿಂದ ನಿಮ್ಮ ಕೌಂಟಿ. ಹತ್ತು ಅಖಿಲ ಐರ್ಲೆಂಡ್ ಪದಕ ಗೆದ್ದ ಕಿಲ್ಕೆನಿಯ ಹೆನ್ರಿ ಶೆಫ್ಲಿನ್ ಹೊಟ್ಟೆಪಾಡಿಗೆ ಬ್ಯಾಂಕಿನ ಕೆಲಸ ಮಾಡಿದವರು. ಶಾಲೆಯಲ್ಲಿ ಪಾಠ ಮಾಡುವ, ಫೈನಲ್ ಮುಗಿದ ವಾರವೇ ಹಸು ಕರೆಯುವ ಆಟಗಾರರು ಅಲ್ಲಿ ಸಾಮಾನ್ಯ. ಐಪಿಎಲ್ ಹರಾಜನ್ನು ಬಾಯಿಬಿಟ್ಟು ನೋಡುವ ನಾವು ಇದನ್ನು ನಂಬಲು ಸ್ವಲ್ಪ ಹೊತ್ತು ಬೇಕು. ಹೊರಗಿನವರನ್ನು ಸೇರಿಸುವುದಿಲ್ಲ ಎಂದೂ ಅಲ್ಲ. ಇರಾಕಿನ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಕುರ್ದಿ ಹುಡುಗ ಝಾಕ್ ಮೊರಾಡಿ ಐರ್ಲೆಂಡಿಗೆ ಬಂದ ಮೇಲೆ ಹರ್ಲಿ ಹಿಡಿದು, 2019ರಲ್ಲಿ ಲೋರಿ ಮಾಹರ್ ಕಪ್ ಗೆದ್ದ ಲೀಟ್ರಿಮ್ ತಂಡದಲ್ಲಿ ಆಡಿದರು. ವೆಕ್ಸ್‌ಫರ್ಡ್‌ನ ತಾರೆ ಲೀ ಚಿನ್ ಅವರ ತಂದೆ ಮಲೇಷ್ಯಾದವರು.

ಜಿಎಎಯ ಇನ್ನೊಂದು ಆಟವಾದ ಗೇಲಿಕ್ ಫುಟ್‌ಬಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸಬರಿಗೆ ಅದು ಸುಲಭ, ಒಂದು ಮಧ್ಯಾಹ್ನದಲ್ಲಿ ಆಡಿದಂತೆ ಅನಿಸುತ್ತದೆ. ನನಗೆ ಹರ್ಲಿಂಗ್ ಮುಂದೆ ಅದು ಸಪ್ಪೆ. 2025ರಿಂದ 40 ಮೀಟರಿನ ಕಮಾನಿನಾಚೆಯಿಂದ ಒದ್ದು ದಾಟಿಸಿದರೆ ಎರಡು ಅಂಕ ಎಂದು ನಿಯಮ ತಿದ್ದಿದ ಮೇಲೆ ತುಸು ಜೀವ ಬಂದಿದೆ. ಗೋಡೆಗೆ ಕೈಯಿಂದ ಚೆಂಡು ಬಡಿಯುವ ಐರಿಷ್ ಹ್ಯಾಂಡ್‌ಬಾಲ್ ಮಕ್ಕಳಿಗೆ ಚೆನ್ನ. ಅದನ್ನು ಆಡುತ್ತಿದ್ದ ಹಳೆಯ ಕಾಂಕ್ರೀಟ್ ಗೋಡೆಗಳು ಹಳ್ಳಿಗಳ ಅಂಚಿನಲ್ಲಿ ಬಳ್ಳಿ ಹಬ್ಬಿ ನಿಂತಿರುವುದನ್ನು ದಾರಿಯುದ್ದಕ್ಕೂ ಕಾಣಬಹುದು.

ಆದರೆ ಕಾರ್ಕ್ ಅಥವಾ ಆರ್ಮಾ ಕಡೆ ಹೋದರೆ ರೋಡ್ ಬೌಲಿಂಗ್ ತಪ್ಪಿಸಿಕೊಳ್ಳಬೇಡಿ. ಟಿಕೆಟ್ಟಿಲ್ಲ, ಮೈದಾನವಿಲ್ಲ, ಹಳ್ಳಿಯ ಡಾಂಬರು ರಸ್ತೆಯೇ ಅಂಗಳ. ಸುಮಾರು 800 ಗ್ರಾಂ ತೂಕದ ಕಬ್ಬಿಣದ ಗುಂಡನ್ನು ಓಡಿಬಂದು ತೋಳು ಬೀಸಿ ಎಸೆಯುತ್ತಾರೆ. ಗುಂಡು ನಿಂತ ಜಾಗದಿಂದ ಮತ್ತೆ ಎಸೆತ. ನಾಲ್ಕು ಕಿಲೋಮೀಟರ್ ಆಸುಪಾಸಿನ ದಾರಿಯನ್ನು ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಗುಂಡು ಎಲ್ಲಿ ಬೀಳಬೇಕೆಂದು ರಸ್ತೆಯ ಮೇಲೆ ಒಂದು ಹಿಡಿ ಹುಲ್ಲು ಕಿತ್ತಿಟ್ಟು ಗುರುತು ಮಾಡುತ್ತಾರೆ. ಮುಂದೆ ಒಬ್ಬ ಕಾಲಗಲಿಸಿ ನಿಂತು, ‘ನನ್ನ ಕಾಲಿನ ನಡುವೆ ಬಿಡು’ ಎಂದು ದಾರಿ ತೋರಿಸುತ್ತಾನೆ. ಗುಂಡು ಬಂದಾಗ ಅವನು ಚಂಗನೆ ಹಾರುವುದನ್ನು ನೋಡಬೇಕು. ತಿರುವು ಬಂದರೆ ಪಳಗಿದ ಆಟಗಾರ ರಸ್ತೆ ಬಿಟ್ಟು, ಬೇಲಿಯ ಮೇಲಿಂದ ಗುಂಡು ಹಾರಿಸಿ ಆಚೆ ರಸ್ತೆಗೆ ಇಳಿಸುತ್ತಾನೆ. ಜನ ಗುಂಡಿನ ಜೊತೆಗೇ ನಡೆಯುತ್ತಾರೆ, ಪಂದ್ಯ ಕಟ್ಟುತ್ತಾರೆ, ಎದುರಿಗೆ ಬಂದ ಕಾರನ್ನು ಬದಿಗೆ ನಿಲ್ಲಿಸುತ್ತಾರೆ. ಪಂದ್ಯ ಮುಗಿದ ಮೇಲೆ ಕೇಳಿಕೊಂಡರೆ ಒಂದು ಎಸೆತ ನಿಮಗೂ ಸಿಗಬಹುದು. ಭುಜ ಬೆಚ್ಚಗೆ ಮಾಡಿಕೊಳ್ಳದೆ ಎಸೆಯಬೇಡಿ.

ಮಗನ ಮನೆ, ಮಗಳ ಮನೆಯೆಂದು ಡಬ್ಲಿನ್ನಿಗೋ ಕಾರ್ಕಿಗೋ ಎರಡು ಮೂರು ತಿಂಗಳಿಗೆ ಹೊರಡುವ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು. ಏಪ್ರಿಲ್‌ನಿಂದ ಜುಲೈವರೆಗೆ ಕೌಂಟಿಗಳ ಹರ್ಲಿಂಗ್ ಚಾಂಪಿಯನ್‌ಶಿಪ್, ಆಮೇಲೆ ಶರತ್ಕಾಲದವರೆಗೆ ಊರಿನ ಕ್ಲಬ್ಬುಗಳ ಪಂದ್ಯ. ಫೈನಲ್ ಟಿಕೆಟ್ಟಿಗೆ ಪರದಾಡಬೇಡಿ, ಕ್ಲಬ್ ಪಂದ್ಯಕ್ಕೆ ಹೋಗಿ. ಎರಡೂ ಕಡೆಯ ಅಭಿಮಾನಿಗಳು ಒಟ್ಟಿಗೇ ಕೂರುತ್ತಾರೆ, ಬೇಲಿಯಿಲ್ಲ, ಪೊಲೀಸರ ಸಾಲಿಲ್ಲ. ಪಕ್ಕದವರನ್ನು ಏನು ಕೇಳಿದರೂ ಬಿಡಿಸಿ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಮೊಮ್ಮಕ್ಕಳಿದ್ದರೆ ಹತ್ತಿರದ ಕ್ಲಬ್ಬಿಗೆ ಸೇರಿಸಿ, ಅವರ ಚಿಕ್ಕ ಹರ್ಲಿಯಲ್ಲಿ ನೀವೂ ಹಿತ್ತಲಲ್ಲಿ ಚೆಂಡೆತ್ತಿ ನೋಡಿ. ಛತ್ರಿ ಬೇಡ, ಹಿಂದೆ ಕೂತವರು ಬೈಯುತ್ತಾರೆ. ಟೋಪಿಯಿರುವ ಮಳೆ ಅಂಗಿ ಹಾಕಿಕೊಂಡು ಹೋಗಿ.