ಕರುಣೆ, ಕರುಳು ಮತ್ತು ಚೋಮನ ಹೊಸ ಹುಟ್ಟು

ಕನ್ನಡದ ದಲಿತ ವಿಮರ್ಶೆಗೆ ದೇವರುಗಳ ಜೊತೆ ಹಳೆಯ ಮಾತುಕತೆಯಿದೆ, ಜಗಳವೂ ಇದೆ. ಮಾರಿ, ಮಂಟೇಸ್ವಾಮಿ, ಮಾದಪ್ಪ, ವಚನಕಾರರ ಶಿವ, ಬುದ್ಧ ಇವರೆಲ್ಲ ನಮ್ಮ ಲೇಖನಗಳಲ್ಲಿ ಬಂದು ಹೋಗಿದ್ದಾರೆ. ಯೇಸು ಮಾತ್ರ ಚರ್ಚಿನ ಕಾಂಪೌಂಡಿನೊಳಗೇ ಉಳಿದುಬಿಟ್ಟಿದ್ದಾನೆ. ಕ್ರೈಸ್ತ ದಲಿತರ ಪ್ರಸ್ತಾಪ ಬಂದಾಗಲೆಲ್ಲ ನಾವು ಮತಾಂತರದ ಬಗ್ಗೆ, ಮೀಸಲಾತಿಯ ಬಗ್ಗೆ, ಬಹಳವಾದರೆ ವಸಾಹತುಶಾಹಿಯ ಬಗ್ಗೆ ಮಾತಾಡಿ ಎದ್ದುಬಿಡುತ್ತೇವೆ. ಆ ಜನ ಭಾನುವಾರ ಕೂತು ಕೇಳುವ ಕಥೆಗಳೇನು, ದೇವರ ಕೃಪೆ, ಪ್ರೀತಿ, ಹೊಸ ಜೀವ ಅಂತ ಅವರು ಅನ್ನುವಾಗ ಏನನ್ನು ಹೇಳುತ್ತಿದ್ದಾರೆ ಎಂಬುದು ಸಾಹಿತ್ಯ ವಿಮರ್ಶೆಯ ಪ್ರಶ್ನೆಯೂ ಹೌದು ಅಂತ ನಮಗೆ ಅನ್ನಿಸಿದ್ದು ಕಡಿಮೆ.

ಇದಕ್ಕೆ ಕಾರಣವಿದೆ. ಕೃಪೆ, ಕರುಣೆ, ದಯೆ ಈ ಮಾತುಗಳೇ ನಮಗೆ ಒಗ್ಗುವುದಿಲ್ಲ. ಅವು ಮೇಲಿನಿಂದ ಕೆಳಕ್ಕೆ ಬೀಳುವಂಥವು. ದಣಿಯ ಅಂಗಳದಲ್ಲಿ ಕೈಕಟ್ಟಿ ನಿಂತು 'ದಯ ಇಡ್ಬೇಕು ಬುದ್ಧಿ' ಅನ್ನುವವನ ಬೆನ್ನು ಎಷ್ಟು ಬಾಗಿರುತ್ತದೆ ಅಂತ ಕಂಡವರಿಗೆ ದಯೆಯ ಮೇಲೆ ನಂಬಿಕೆ ಹುಟ್ಟುವುದು ಕಷ್ಟ. ಎಪ್ಪತ್ತರ ದಶಕದ ದಲಿತ ಕಾವ್ಯ ಸಿಟ್ಟನ್ನು ಆರಿಸಿಕೊಂಡದ್ದು ಅನುಕಂಪವನ್ನು ಒದ್ದು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಬಂದ ಮೇಲೆ ನಮ್ಮನ್ನು ಅಯ್ಯೋಪಾಪ ಅಂತ ನೋಡಿ ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅದು ಆಗಬೇಕಾದದ್ದೇ. ಆದರೆ ಆ ಬಿಸಿಯಲ್ಲಿ ಒಂದು ಕನಿಕರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕೇಳುವ ವ್ಯವಧಾನ ಹೋಯಿತು.

ಆ ವ್ಯತ್ಯಾಸ ತಿಳಿಯಲು 'ಚೋಮನದುಡಿ'ಯನ್ನೇ (1933) ಮತ್ತೆ ತೆರೆಯಬಹುದು. ಚೋಮನಿಗೆ ಬೇಕಾದದ್ದು ಒಂದು ತುಂಡು ನೆಲ. ಎತ್ತು ಕಟ್ಟಿ ತನ್ನದು ಅಂತ ಉಳಬೇಕು. ದಣಿ ಸಂಕಪ್ಪಯ್ಯ ಕೆಟ್ಟವನೇನಲ್ಲ. ಅವನ ಮನಸ್ಸು ಮೆತ್ತಗಾಗುತ್ತದೆ ಕೂಡ. ತಾಯಿ ಒಪ್ಪುವುದಿಲ್ಲ, ಅಲ್ಲಿಗೆ ಮುಗಿಯಿತು. ಹೊಲೆಯ ಬೇಸಾಯಗಾರನಾಗುವುದು ಸಂಪ್ರದಾಯವಲ್ಲ. ಅಂದರೆ ಕಾದಂಬರಿಯಲ್ಲಿ ಕರುಣೆಗೆ ಬರವಿಲ್ಲ. ಆ ಕರುಣೆ ಮನೆಯ ಹೊಸಿಲು ದಾಟುವುದಿಲ್ಲ, ಅಷ್ಟೆ. ಮುಂದೆ ಚೋಮನ ಮಗ ನೀಲ ನೀರಿಗೆ ಬಿದ್ದು ಮುಳುಗುವಾಗ ಮುಟ್ಟಿದರೆ ಮೈಲಿಗೆ ಅನ್ನುವ ಕಾರಣಕ್ಕೆ ಅವನನ್ನು ಎತ್ತುವ ಕೈ ಸಿಗುವುದಿಲ್ಲ. ಅಲ್ಲಿದ್ದವರಿಗೆಲ್ಲ ಅಯ್ಯೋ ಅನ್ನಿಸಿರಲಿಕ್ಕೂ ಸಾಕು. ಅಯ್ಯೋ ಅನ್ನಿಸುವುದಕ್ಕೂ ಕೈ ಚಾಚುವುದಕ್ಕೂ ನಡುವೆ ಇರುವ ದೂರದ ಹೆಸರೇ ಜಾತಿ.

ಕಾರಂತರಿಗೆ ಇದು ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಗೊತ್ತಿಲ್ಲದ್ದು, ಅಥವಾ ಅವರು ಕೇಳಲು ಇಷ್ಟಪಡದ್ದು, ಇನ್ನೊಂದಿದೆ. ಚೋಮ ನೆಲದ ಆಸೆಗೆ ಪಾದ್ರಿಯ ಕಡೆ ಹೊರಡುತ್ತಾನೆ, ಪಂಜುರ್ಲಿ ಅವನನ್ನು ಹಿಂದಕ್ಕೆ ಎಳೆಯುತ್ತದೆ. ನಮ್ಮ ವಿಮರ್ಶೆ ಇದನ್ನು ಬೇರು ಗೆದ್ದಿತು, ಆಮಿಷ ಸೋತಿತು ಅಂತ ಓದುತ್ತ ಬಂದಿದೆ. ನೆಲದ ಆಸೆಗೆ ಮತ ಬಿಡುವುದು ಕೀಳು, ಆತ್ಮದ ಹಸಿವಿಗೆ ಬಿಡುವುದು ಮೇಲು ಅನ್ನುವ ಈ ತೂಕದ ಕಲ್ಲು ಯಾರ ಅಂಗಡಿಯದು? ಹೊಟ್ಟೆ ತುಂಬಿದವನ ಅಂಗಡಿಯದು. ತಲೆತಲಾಂತರ ಇನ್ನೊಬ್ಬರ ಗದ್ದೆಯಲ್ಲಿ ದುಡಿದವನಿಗೆ ತನ್ನ ನೇಗಿಲ ಗೆರೆಯೇ ಹೊಸ ಜೀವ. ಚೋಮನ ಆಸೆಯಲ್ಲಿ ಆತ್ಮ ಒಂದು ಕಡೆ, ನೆಲ ಇನ್ನೊಂದು ಕಡೆ ಇರಲಿಲ್ಲ. ಬೇರೆ ಮಾಡಿದ್ದು ನಾವು. ಸ್ವಲ್ಪ ಮಟ್ಟಿಗೆ ಪಾದ್ರಿಗಳೂ.

ಈಗ ಲೂಕನ ಸುವಾರ್ತೆಯ ಹತ್ತನೇ ಅಧ್ಯಾಯದ ಸಾಮತಿ. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನೊಬ್ಬ. ಯಾಜಕ ನೋಡಿ ಆಚೆ ಮಗ್ಗುಲಿಂದ ಹೋಗುತ್ತಾನೆ, ಲೇವಿಯನೂ ಹಾಗೇ. ಕಾರಣವನ್ನು ಲೂಕ ಬರೆಯುವುದಿಲ್ಲ. ನಮ್ಮೂರಿನವರಿಗೆ ಅದನ್ನು ಬರೆದು ಹೇಳುವ ಅಗತ್ಯವೂ ಇಲ್ಲ. ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳದ ಸಮಾರ್ಯದವನೊಬ್ಬ ಬಂದು, ಗಾಯಕ್ಕೆ ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು, ಕಟ್ಟು ಕಟ್ಟಿ, ತನ್ನ ಪ್ರಾಣಿಯ ಮೇಲೆ ಹತ್ತಿಸಿ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಬರುವಾಗ ಕೊಡ್ತೀನಿ ಅಂತ ಹೋಗುತ್ತಾನೆ. ಇಲ್ಲಿ ಸಮಾರ್ಯದವನಿಗೆ ಆದದ್ದನ್ನು ಹೇಳಲು ಲೂಕ ಬಳಸುವ ಗ್ರೀಕ್ ಕ್ರಿಯಾಪದ ಒಳಗಿನ ಕರುಳು, ಪಿತ್ತಕೋಶ ಇಂಥ ಅಂಗಗಳ ಹೆಸರಿನಿಂದ ಹುಟ್ಟಿದ್ದು. ಅದು ಲೂಕನಲ್ಲಿ ಬರುವುದು ಮೂರೇ ಕಡೆ: ಒಬ್ಬನೇ ಮಗನನ್ನು ಕಳಕೊಂಡ ನಾಯಿನ್ ಊರಿನ ವಿಧವೆಯನ್ನು ಯೇಸು ಕಂಡಾಗ, ಈ ಸಮಾರ್ಯದವನಿಗೆ, ಮತ್ತು ಕೆಟ್ಟುಹೋದ ಮಗ ದೂರದಲ್ಲಿ ಬರುವುದನ್ನು ಕಂಡ ಅಪ್ಪನಿಗೆ. ಹೀಬ್ರೂವಿನಲ್ಲಿ ದೇವರ ಕರುಣೆಗಿರುವ ಒಂದು ಮುಖ್ಯ ಪದವೂ ಬಸಿರಿನ ಪದಕ್ಕೆ ನಂಟು. ಆ ಭಾಷೆಗಳಲ್ಲಿ ಕರುಣೆ ಎತ್ತರದಿಂದ ಇಳಿಯುವುದಿಲ್ಲ, ಒಡಲಿನಿಂದ ಏಳುತ್ತದೆ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರಿಂದ ಇವತ್ತಿನ ಆವೃತ್ತಿಗಳವರೆಗೆ ನಮ್ಮ ಕ್ರೈಸ್ತ ಪರಿಭಾಷೆ ನಿಂತಿರುವುದು ಹೆಚ್ಚಾಗಿ ಕೃಪೆ, ಕರುಣೆ, ದಯೆ, ಕ್ಷಮಾಪಣೆ ಇಂಥ ಪದಗಳ ಮೇಲೆ. ದೇವಸ್ಥಾನದ ಬಾಗಿಲಲ್ಲಿ ನಮ್ಮನ್ನು ಹೊರಗೆ ನಿಲ್ಲಿಸಿದ ಭಾಷೆಯಲ್ಲೇ ಹೊಸ ದೇವರೂ ಮಾತಾಡಬೇಕಾಯಿತು. ಭಾಷಾಂತರಕಾರರನ್ನು ಬೈದು ಪ್ರಯೋಜನವಿಲ್ಲ, ಆಗ ಗೌರವದ ಕನ್ನಡ ಅಂದರೆ ಅದೇ ಆಗಿತ್ತು. ಆದರೆ ಓದು ಬಾರದ ಕೇಳುಗರು ಇನ್ನೊಂದು ಭಾಷಾಂತರ ಮಾಡಿಕೊಂಡರು. ಬೀದರ ಕಡೆಯ ನಮ್ಮ ಆಯಿ ಇದೇ ಕಥೆ ಹೇಳುವಾಗ ಕನಿಕರ, ಕರುಣೆ ಯಾವುದೂ ಬರುತ್ತಿರಲಿಲ್ಲ. 'ಅವಂಗ ನೋಡಿದ ಕೂಡ್ಲೆ ಇವಂದು ಕಳ್ಳು ಚುರ್ ಅಂತು ನೋಡಪಾ' ಅನ್ನುತ್ತಿದ್ದಳು. ಕಳ್ಳು ಅಂದರೆ ಕರುಳು. ಗ್ರೀಕ್ ಒಂದಕ್ಷರ ಗೊತ್ತಿಲ್ಲದ ಮುದುಕಿ ಮೂಲಕ್ಕೆ ಪಂಡಿತರಿಗಿಂತ ಹತ್ತಿರ ಹೋಗಿದ್ದಳು. (ಕರುಣೆ, ಕರುಳು ಎರಡೂ ಕಿವಿಗೆ ಒಂದೇ ಮನೆಯವು ಅನ್ನಿಸಿದರೂ ಹಾಗಲ್ಲ. ಒಂದು ಸಂಸ್ಕೃತದಿಂದ ಬಂದದ್ದು, ಇನ್ನೊಂದು ಈ ನೆಲದ್ದು.) ದೇವನೂರರ 'ಒಡಲಾಳ' ಅನ್ನುವ ಶೀರ್ಷಿಕೆಯನ್ನು ಮೆಚ್ಚಿದ ವಿಮರ್ಶಕರು ಈ ಮಾತನ್ನೂ ಕೇಳಿಸಿಕೊಳ್ಳಬೇಕು.

ಇಲ್ಲಿಂದ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನಮ್ಮ ಸಭೆಗಳಲ್ಲಿ 'ಸಾಕ್ಷಿ' ಎಂಬ ಒಂದು ಪ್ರಕಾರವಿದೆ. ಪ್ರಕಾರ ಅಂತಲೇ ಅನ್ನಬೇಕು, ಅದಕ್ಕೊಂದು ಆಕೃತಿಯಿದೆ, ಮಾಮೂಲಿ ಆರಂಭವಿದೆ, ತಿರುವಿದೆ. ಎದ್ದು ನಿಂತವರು 'ಮೊದಲು ನಾನು ಪಾಪದಾಗ ಬಿದ್ದಿದ್ದೆ' ಅಂತ ಶುರುಮಾಡುತ್ತಾರೆ. ಕುಡೀತಿದ್ದೆ, ಹಲಗೆ ಬಾರಿಸ್ತಿದ್ದೆ, ಮರಗಮ್ಮಗ ಕೋಣ ಕಡೀತಿದ್ದೆ, ಸತ್ತ ದನ ತಿಂತಿದ್ದೆ, ಕರ್ತನು ನನ್ನನ್ನು ಎತ್ತಿದ, ಈಗ ಹೊಸಬನಾದೆ. ನಾನು ಇದನ್ನು ಗೇಲಿ ಮಾಡುತ್ತಿಲ್ಲ. ಊರಿನ ಯಾವ ಕಟ್ಟೆಯ ಮೇಲೂ ಬಾಯಿ ತೆರೆಯದವರು ಮೈಕಿನ ಮುಂದೆ 'ನಾನು' ಅಂತ ಮಾತು ಶುರುಮಾಡುವ ಮೊದಲ ಜಾಗ ಅದು. ದಲಿತ ಆತ್ಮಕಥೆಯ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆಯಲಾಗದು. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸತ್ತ ದನವನ್ನು ಹೊರುವ ಬಿಟ್ಟಿ ಚಾಕರಿ ಹೊರಿಸಿದವರು ಯಾರು? ಹಲಗೆ ಹಿಡಿಸಿ ಊರ ಮುಂದೆ ನಡೆಸಿದವರು ಯಾರು? ಅವರ ಮೇಲೆ ಆದದ್ದೆಲ್ಲ ಅವರು ಮಾಡಿದ್ದಾಗಿ ಬದಲಾಗಿದೆ. ದಾರಿಯಲ್ಲಿ ಬಿದ್ದ ಗಾಯಾಳು ಎದ್ದು ನಿಂತು, ಸ್ವಾಮೀ, ಕಳ್ಳ ನಾನೇ, ಕ್ಷಮಿಸಿ ಅಂದ ಹಾಗೆ.

ಸಮಾರ್ಯದವನು ಆ ಗಾಯಾಳುವಿಗೆ ಕ್ಷಮಾಪಣೆ ಕೊಡುವುದಿಲ್ಲ. ನೀನು ಯಾಕೆ ಈ ದಾರಿಯಲ್ಲಿ ಬಂದೆ ಅಂತಲೂ ಕೇಳುವುದಿಲ್ಲ. ಗಾಯ ಬೇರೆ, ಪಾಪ ಬೇರೆ ಅನ್ನುವ ತಿಳಿವಳಿಕೆ ಆ ಕಥೆಗಿದೆ, ಅದರ ಮೇಲೆ ಕಟ್ಟಿದ ಪ್ರಸಂಗಗಳಿಗಿಲ್ಲ. ಪ್ರಸಂಗಿಗಳಿಗೆ ಪ್ರಿಯವಾದದ್ದು ಕೆಟ್ಟುಹೋದ ಮಗನ ಕಥೆ. ಒಳ್ಳೆಯ ಕಥೆಯೇ. ಆದರೂ ಅದು ಹಾಳು ಮಾಡಲಿಕ್ಕೆ ಆಸ್ತಿ ಇದ್ದವನ ಕಥೆ. ಪಾಲು ಕೇಳಲು ಅಪ್ಪನ ಹತ್ತಿರ ಏನೂ ಇಲ್ಲದವರನ್ನೂ ಆ ಮಗನ ಜಾಗದಲ್ಲೇ ನಿಲ್ಲಿಸುವುದು ಹೇಗೆ?

ಡಿ.ಆರ್. ನಾಗರಾಜ್ ತಮ್ಮ 1993ರ ಇಂಗ್ಲಿಷ್ ಪುಸ್ತಕದಲ್ಲಿ ಗಾಂಧಿಯ ಆತ್ಮಶುದ್ಧಿ, ಅಂಬೇಡ್ಕರರ ಸ್ವಾಭಿಮಾನ ಈ ಎರಡು ನೆಲೆಗಳನ್ನು ಎದುರುಬದುರು ಇಟ್ಟು ನೋಡಿದರು. ಗಾಂಧಿಯ ದಾರಿಯ ಮಿತಿಗಳು ಏನೇ ಇರಲಿ, ಅಲ್ಲಿ ಪಶ್ಚಾತ್ತಾಪ ಪಡಬೇಕಾದವನು ಸವರ್ಣ. ನಮ್ಮ ಸಾಕ್ಷಿಗಳಲ್ಲಿ ಪಶ್ಚಾತ್ತಾಪವೂ ಅಸ್ಪೃಶ್ಯನ ತಲೆಗೇ ಬಂತು. ಇದು ಒಂದು ಬಿಟ್ಟಿ ಚಾಕರಿಯನ್ನು ಬಿಡಿಸಿ ಇನ್ನೊಂದನ್ನು ಹಚ್ಚಿದ ಹಾಗೆ. ಸಾಕ್ಷಿಗೆ ಬೇರೆ ಮಾದರಿ ಇರಲಿಲ್ಲ ಅಂತೇನಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರದ ಚರಿತ್ರೆ ಶುರುವಾಗುತ್ತದೆ ಅನ್ನುತ್ತಾರೆ. ಅವರು ಮುಂದೆ ಕೈಗೆತ್ತಿಕೊಂಡದ್ದು ಧರ್ಮೋಪದೇಶಕಾಂಡದ 26ನೇ ಅಧ್ಯಾಯದ ಅರಿಕೆಯನ್ನು. ಬೆಳೆಯ ಮೊದಲ ಫಲ ತಂದ ರೈತ ಅಲ್ಲಿ ಹೇಳುವುದಿಷ್ಟು: ನಮ್ಮ ಹಿರಿಯ ಅಲೆಮಾರಿ, ನಮ್ಮನ್ನು ದುಡಿಸಿ ಹಿಂಸಿಸಿದರು, ಕೂಗಿದೆವು, ದೇವರು ಕೇಳಿದ, ಈ ನೆಲ ಕೊಟ್ಟ. ಅದರಲ್ಲಿ ಪಾಪದ ಮಾತಿಲ್ಲ. ಕೊನೆಗೆ ನೆಲವೂ ಇದೆ. ಚೋಮನಿಗೆ ಹೇಳಬೇಕಾಗಿದ್ದ ಸಾಕ್ಷಿ ಇದು.

ಹೊಸ ಹುಟ್ಟಿನ ಮಾತು ಇನ್ನೂ ತೊಡಕಿನದು. ಯೋಹಾನನ ಮೂರನೇ ಅಧ್ಯಾಯದಲ್ಲಿ ನಿಕೊದೇಮ ಎಂಬ ಫರಿಸಾಯ, ದೊಡ್ಡ ಮನುಷ್ಯ, ರಾತ್ರಿ ಹೊತ್ತು ಬರುತ್ತಾನೆ. ಹೊಸದಾಗಿ ಹುಟ್ಟಬೇಕು ಅನ್ನುವ ಮಾತು ಹೇಳಿದ್ದು ಇವನಿಗೆ. ಗ್ರೀಕ್ ಪದಕ್ಕೆ 'ಮತ್ತೆ' ಅಂತಲೂ 'ಮೇಲಿನಿಂದ' ಅಂತಲೂ ಎರಡು ಅರ್ಥ. ನಾಲ್ಕನೇ ಅಧ್ಯಾಯದಲ್ಲಿ ನಡುಮಧ್ಯಾಹ್ನ ಬಾವಿಗೆ ಬಂದ ಸಮಾರ್ಯದ ಹೆಂಗಸು. ಅವಳಿಗೆ ಹೊಸದಾಗಿ ಹುಟ್ಟು ಅಂತ ಯೇಸು ಹೇಳುವುದೇ ಇಲ್ಲ. ಕುಡಿಯಲಿಕ್ಕೆ ನೀರು ಕೊಡು ಅನ್ನುತ್ತಾನೆ. ಅವಳು ಬೆರಗಾಗುತ್ತಾಳೆ, ನಮ್ಮ ಕೈಯಿಂದ ನೀನು ಹೇಗೆ ಕೇಳ್ತೀಯ ಅಂತ. ಈ ಪ್ರಶ್ನೆ ನಮ್ಮ ಕೇರಿಗಳಲ್ಲಿ ಅರ್ಥವಾಗುವ ಹಾಗೆ ಬೇರೆಲ್ಲಿ ಅರ್ಥವಾದೀತು? ಜೀವಜಲದ ಮಾತು ಬಂದಾಗ ಅವಳು ಕೇಳುವ ಕಾರಣವೂ ಚೆನ್ನಾಗಿದೆ: ಮತ್ತೆ ಮತ್ತೆ ಇಲ್ಲಿಗೆ ಬಂದು ಸೇದುವುದು ತಪ್ಪಲಿ. ಪ್ರಸಂಗಿಗಳು ಅವಳ ಐವರು ಗಂಡಂದಿರನ್ನು ಹಿಡಿದು ಪಾಪಿಷ್ಠೆ ಮಾಡಿದ್ದಾರೆ. ಆ ಅಧ್ಯಾಯದಲ್ಲಿ ಯೇಸು ಅವಳನ್ನು ಕ್ಷಮಿಸುವುದೂ ಇಲ್ಲ, ಪಶ್ಚಾತ್ತಾಪ ಪಡು ಅನ್ನುವುದೂ ಇಲ್ಲ. ಹುಟ್ಟು ಬದಲಾಗಬೇಕಾದದ್ದು ಹುಟ್ಟಿನಿಂದ ಲಾಭ ಪಡೆದವನಿಗೆ. ಹುಟ್ಟಿನಿಂದ ಹೊರಗಾದವಳ ಕೈಯಿಂದ ಬೇಕಾದದ್ದು ನೀರು. ಯೋಹಾನ ಈ ಎರಡನ್ನೂ ಸುಮ್ಮನೆ ಪಕ್ಕಪಕ್ಕ ಇಟ್ಟಿದ್ದಾನೆ ಅಂತ ನಾನು ನಂಬುವುದಿಲ್ಲ.

ಕನ್ನಡದಲ್ಲಿ ಈ ಹೊಸ ಹುಟ್ಟಿನ ಮಾತು ಮೊದಲೇ ಆಗಿಹೋಗಿದೆ. ಬಸವಣ್ಣ ತನ್ನನ್ನು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಬಳಗದವನು ಅಂತ ಕರೆದುಕೊಂಡಾಗ ನಿಕೊದೇಮನಿಗೆ ಹೇಳಿದ ಕೆಲಸವನ್ನೇ ಮಾಡುತ್ತಿದ್ದ, ದಿಕ್ಕು ಮಾತ್ರ ಬೇರೆ: ಮೇಲಿನಿಂದಲ್ಲ, ಕೆಳಗಿನಿಂದ ಹುಟ್ಟಿದ. ಕಲ್ಯಾಣ ಇರುವ ಬೀದರ ಜಿಲ್ಲೆಯಲ್ಲೇ ಮುಂದೆ ಮಾದಿಗರು ದೊಡ್ಡ ಸಂಖ್ಯೆಯಲ್ಲಿ ಮೆಥೊಡಿಸ್ಟ್ ಸಭೆ ಸೇರಿದರು. ಈ ಎರಡು ಸಂಗತಿಗಳನ್ನು ಒಟ್ಟಿಗಿಟ್ಟು ಯೋಚಿಸುವ ಕೆಲಸ ಇನ್ನೂ ಆಗಬೇಕಿದೆ.

ಹೊಸದಾಗಿ ಹುಟ್ಟಿದವರಿಗೆ ಏನಾಯಿತು? ಅಂಬೇಡ್ಕರರು ಮತಾಂತರ ಹೊಂದಿದವರ ಸ್ಥಿತಿಯ ಬಗ್ಗೆ ಬರೆದ ಪ್ರಬಂಧದಲ್ಲೇ, ಜಾತಿ ದೀಕ್ಷಾಸ್ನಾನದ ನೀರಿನಲ್ಲಿ ಕರಗಲಿಲ್ಲ ಅನ್ನುವುದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಬಾಮಾ ಅವರ ತಮಿಳು 'ಕರುಕ್ಕು' (1992) ಸಂನ್ಯಾಸಿನಿಯರ ಮಠದೊಳಗಿನ ಜಾತಿಯನ್ನು ಬರೆದ ಪುಸ್ತಕ. ಕರುಕ್ಕು ಅಂದರೆ ತಾಳೆಗರಿಯ ಗರಗಸದಂಥ ಅಂಚು. ತಮಿಳಿನಲ್ಲಿ ಆ ಪದದೊಳಗೆ 'ಕರು', ಅಂದರೆ ಭ್ರೂಣವೂ ಇದೆ. ಹೊಸ ಹುಟ್ಟು ಮೆತ್ತಗಿರುವುದಿಲ್ಲ, ಕುಯ್ಯುತ್ತದೆ ಅಂತ ಆ ಹೆಸರೇ ಹೇಳುತ್ತದೆ. ಮಠ ಬಿಟ್ಟು ಬಂದ ಮೇಲೆ ಬಾಮಾ ಬರೆದದ್ದು ನಿಜವಾದ ಸಾಕ್ಷಿ. ಅದರಲ್ಲಿ ಗಾಯ ಗಾಯವಾಗಿಯೇ ಇದೆ.

ರಾಜ್ಯದ ಲೆಕ್ಕ ಇನ್ನೊಂದು ಥರ. 1950ರ ಪರಿಶಿಷ್ಟ ಜಾತಿಗಳ ಆದೇಶ ಹಿಂದೂಗಳಿಗೆ ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಸೇರಲಿಲ್ಲ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಆದಿದ್ರಾವಿಡ ಕ್ರೈಸ್ತನಿಗೆ, ಅದೇ ಕೆಲಸ ಮಾಡುವ ಇತರರಿಗೆ ಸರ್ಕಾರ ಕೊಟ್ಟ ಪೆಟ್ಟಿಗೆ ಅಂಗಡಿ ಸಿಗಲಿಲ್ಲ. ಹೊಸ ಧರ್ಮದಲ್ಲೂ ಅಷ್ಟೇ ತೀವ್ರವಾದ ಅಸಮರ್ಥತೆಗಳು ಮುಂದುವರಿದಿವೆ ಅಂತ ತೋರಿಸಬೇಕು ಎಂದು 1985ರಲ್ಲಿ ಸುಪ್ರೀಂ ಕೋರ್ಟು ಅವನ ಅರ್ಜಿ ತಳ್ಳಿಹಾಕಿತು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಧರ್ಮದ ಈ ಕಟ್ಟನ್ನು ಬಿಚ್ಚಿ ಅಂದಿತು, 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾಯಿತು. ತಮಾಷೆ ನೋಡಿ: ಹೊಸ ಹುಟ್ಟಿನ ಮೇಲೆ ಪಾದ್ರಿಗಿಂತ ಗಟ್ಟಿ ನಂಬಿಕೆ ಇರುವುದು ಸರ್ಕಾರಕ್ಕೆ. ದೀಕ್ಷಾಸ್ನಾನ ಆದ ಗಳಿಗೆಗೇ ಜಾತಿ ಹೋಯಿತು ಅಂತ ಅದು ಬರೆದುಕೊಳ್ಳುತ್ತದೆ. ಅಂಗಡಿಯ ಸಾಲಿನಲ್ಲಿ ಹೋದದ್ದು, ಮದುವೆಯ ಮಾತಿನಲ್ಲಿ, ಎಷ್ಟೋ ಊರುಗಳ ಸಮಾಧಿ ಜಾಗದಲ್ಲಿ ಹೋಗಿಲ್ಲ.

ಇಷ್ಟಾದ ಮೇಲೆ ಈ ಪಠ್ಯಗಳನ್ನು ನಾವು ಯಾಕೆ ಓದಬೇಕು ಅಂತ ಗೆಳೆಯರು ಕೇಳುತ್ತಾರೆ. ಮಾರ್ಕನ ಏಳನೇ ಅಧ್ಯಾಯವನ್ನು ಅವರ ಮುಂದಿಡುತ್ತೇನೆ. ತೂರ್ ಸೀಮೆಯ ಅನ್ಯಜನಾಂಗದ ಹೆಂಗಸೊಬ್ಬಳು ದೆವ್ವ ಹಿಡಿದ ಮಗಳಿಗಾಗಿ ಯೇಸುವಿನ ಕಾಲಿಗೆ ಬೀಳುತ್ತಾಳೆ. ಮಕ್ಕಳ ರೊಟ್ಟಿಯನ್ನು ನಾಯಿಗಳಿಗೆ ಹಾಕುವುದು ಸರಿಯಲ್ಲ ಅನ್ನುವ ಅರ್ಥದ ಮಾತನ್ನು ಅವನು ಆಡುತ್ತಾನೆ. ಯೇಸುವಿನ ಬಾಯಿಂದ ಬಂದ ಈ ಮಾತನ್ನು ಪರೀಕ್ಷೆ, ಪ್ರೀತಿಯ ಹಾಸ್ಯ ಅಂತೆಲ್ಲ ಮೆದು ಮಾಡುವ ವ್ಯಾಖ್ಯಾನಗಳಿವೆ. ನನಗೆ ಅವು ಬೇಡ. ಅದು ನಾವು ಕೇಳಿ ಬಲ್ಲ ಮಾತೇ. ಅವಳು ಅಳುವುದಿಲ್ಲ, ನಾನು ಪಾಪಿ ಅನ್ನುವುದಿಲ್ಲ, ಮಾತಿಗೆ ಮಾತು ಕೊಡುತ್ತಾಳೆ: ಮೇಜಿನ ಕೆಳಗಿನ ನಾಯಿಗಳೂ ಮಕ್ಕಳು ಉದುರಿಸಿದ ಚೂರು ತಿನ್ನುತ್ತವಲ್ಲ ಸ್ವಾಮಿ. ಬದಲಾದವನು ಅವನು. ಈ ಮಾತಿಗಾಗಿ ಹೋಗು, ಮಗಳು ವಾಸಿಯಾದಳು ಅನ್ನುತ್ತಾನೆ. ಮತ್ತಾಯನು ಇದೇ ಕಥೆಯಲ್ಲಿ ಅವಳ ನಂಬಿಕೆಯನ್ನು ಹೊಗಳಿಸುತ್ತಾನೆ. ಮಾರ್ಕನಲ್ಲಿ ಕೆಲಸ ಮಾಡಿದ್ದು ಅವಳ ಮಾತು. ಕರುಣೆ ಕೆಳಗಿನಿಂದ ಮೇಲಕ್ಕೆ ಹೋದ ಗಳಿಗೆ ಇದು. ಅವಳು ಮನೆಗೆ ಹೋಗಿ ನೋಡಿದಾಗ ಮಗಳು ಹಾಸಿಗೆಯ ಮೇಲೆ ಮಲಗಿದ್ದಳು, ದೆವ್ವ ಬಿಟ್ಟಿತ್ತು. ಮುಂದೆ ಆ ತಾಯಿ ಮಗಳನ್ನು ಯಾರಾದರೂ ಮೇಜಿಗೆ ಕರೆದರೋ ಇಲ್ಲವೋ, ಮಾರ್ಕ ಬರೆದಿಲ್ಲ.