ಶಿಖರಕ್ಕೆ ಹೆಸರಿಟ್ಟ ಮಾತ್ರಕ್ಕೆ ಅಣು ಸಿಕ್ಕಂತಲ್ಲ

ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ಕಾಡಿನ ತೊರೆಯ ನೀರು ಒಂದು ಕಡೆ, ಊರ ಚರಂಡಿ ಸೇರಿದ ಹೊಳೆಯ ನೀರು ಇನ್ನೊಂದು ಕಡೆ. ಎರಡನ್ನೂ ಸೋಸಿ ಅತಿನೇರಳೆ ಬೆಳಕು ಹಾಯಿಸಿದರೆ ಎರಡೂ ಮಂದವಾಗಿ ಬೆಳಗುತ್ತವೆ. ಬೆಳಗುವ ಬಗೆ ಮಾತ್ರ ಬೇರೆ. ತೊರೆಯ ನೀರಿನ ದೀಪ್ತಿ ಹೆಚ್ಚಾಗಿ 420ರಿಂದ 460 ನ್ಯಾನೊಮೀಟರ್ ನಡುವಿನ ನೀಲಿಯಲ್ಲಿದ್ದರೆ, ಚರಂಡಿ ನೀರಿನಲ್ಲಿ ಕಣ್ಣಿಗೆ ಕಾಣದ 340ರ ಸುತ್ತ ಇನ್ನೊಂದು ಬಲವಾದ ದೀಪ್ತಿ ಏಳುತ್ತದೆ. ನೀರಿನಲ್ಲಿ ಕರಗಿದ ಸಾವಯವ ಪದಾರ್ಥವನ್ನು ಪ್ರತಿದೀಪ್ತಿಯಿಂದ ಅಳೆಯುವ ವಿಧಾನ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಕೆಲವೇ ಮಿಲಿಲೀಟರ್ ನೀರು ಸಾಕು, ರಾಸಾಯನಿಕ ಬೆರೆಸಬೇಕಿಲ್ಲ, ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಉಪಕರಣದ ಬಗ್ಗೆ ನನ್ನ ತಕರಾರಿಲ್ಲ. ಅದು ತೋರಿಸಿದ್ದನ್ನು ಓದುವ ಪರಿಪಾಠದ ಬಗ್ಗೆ ಇದೆ.

ಈ ಪರಿಪಾಠಕ್ಕೆ ಅಡಿಪಾಯ ಹಾಕಿದ್ದು ಅಮೆರಿಕದ ಸಾಗರವಿಜ್ಞಾನಿ ಪೌಲಾ ಕೋಬಲ್ 1996ರಲ್ಲಿ ಪ್ರಕಟಿಸಿದ ಪ್ರಬಂಧ. ಒಂದೊಂದೇ ತರಂಗದೂರದ ಬೆಳಕು ಬಿಟ್ಟು, ಪ್ರತಿ ಸಲ ಹೊರಬರುವ ಬೆಳಕನ್ನೆಲ್ಲ ದಾಖಲಿಸಿ, ನೀರಿನ ಮಾದರಿಯೊಂದರ ಪೂರ್ತಿ ನಕಾಶೆ ಬರೆಯುವ ಕ್ರಮ ಅದು. ನಕಾಶೆಯಲ್ಲಿ ಎದ್ದ ಶಿಖರಗಳಿಗೆ ಎ, ಸಿ, ಎಂ, ಬಿ, ಟಿ ಎಂಬ ಅಕ್ಷರಗಳು ಬಂದವು. ಎ ಮತ್ತು ಸಿ ಹ್ಯೂಮಿಕ್ ಪದಾರ್ಥವನ್ನು, ಅಂದರೆ ಜೀವಿಗಳ ಅವಶೇಷ ಕೊಳೆತು ಉಳಿಯುವ ಕಂದು ಪದಾರ್ಥವನ್ನು, ಹೋಲುವಂಥವು, ಬಿ ಮತ್ತು ಟಿ ಟೈರೋಸಿನ್, ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲಗಳನ್ನು ಹೋಲುವಂಥವು. ಎಂ ಎಂಬುದು ಸಮುದ್ರದ ಹ್ಯೂಮಿಕ್ ಪದಾರ್ಥದ್ದು ಎಂದಾಯಿತು. ಚದುರಿಹೋಗಿದ್ದ ತಿಳಿವಳಿಕೆಗೆ ಒಂದು ಸಾಮಾನ್ಯ ಭಾಷೆ ಕೊಟ್ಟದ್ದು ಈ ಪ್ರಬಂಧದ ದೊಡ್ಡ ಸಾಧನೆ.

ತೊಡಕು ಶುರುವಾದದ್ದೂ ಇಲ್ಲಿಂದಲೇ. ‘ಹೋಲುವ’ ಎಂಬ ಎಚ್ಚರಿಕೆ ಮುಂದಿನ ಎಷ್ಟೋ ಬರಹಗಳಲ್ಲಿ ಮೊದಲ ಪುಟ ದಾಟುವುದರೊಳಗೆ ಕಳಚಿಬೀಳುತ್ತದೆ. ಫಲಿತಾಂಶದ ಭಾಗದಲ್ಲಿ ‘ಟ್ರಿಪ್ಟೊಫಾನ್ ಹೋಲುವ ದೀಪ್ತಿ’ ಆಗಿದ್ದದ್ದು ಚರ್ಚೆಯ ಭಾಗದಲ್ಲಿ ‘ಪ್ರೋಟೀನು’ ಆಗಿ, ಕೊನೆಗೆ ‘ಸೂಕ್ಷ್ಮಜೀವಿಗಳ ಚಟುವಟಿಕೆ’ಯೇ ಆಗಿಬಿಡುತ್ತದೆ. ಸಸ್ಯಗಳ ತೊಗಟೆ, ಎಲೆಗಳಿಂದ ಬರುವ ಟ್ಯಾನಿನ್‌ನಂಥ ಫೀನಾಲುಗಳೂ ಅದೇ ಜಾಗದಲ್ಲಿ ಬೆಳಗಬಲ್ಲವು. ತೈಲದಿಂದ ಬರುವ ನ್ಯಾಫ್ತಲೀನ್ ಕೂಡ ಅಲ್ಲೇ. ಸಮುದ್ರದ್ದೆಂದು ಗುರುತಿಸಿದ್ದ ಎಂ ಶಿಖರ ಆಮೇಲೆ ಸಿಹಿನೀರಿನಲ್ಲಿ, ಹೊಲಗಳಿಂದ ಹರಿದು ಬಂದ ನೀರಿನಲ್ಲಿ, ಕೊಳಚೆಯಲ್ಲಿ ಸಹ ಸಿಕ್ಕಿತು. ಇನ್ನು ಸಕ್ಕರೆಯಂಥವು ಬೆಳಗುವುದೇ ಇಲ್ಲ. ಬ್ಯಾಕ್ಟೀರಿಯಾ ಮೊದಲು ಬಾಯಿ ಹಾಕುವ ಆಹಾರವೇ ಈ ನಕಾಶೆಯಲ್ಲಿ ಕಾಣಿಸದು.

2003ರಲ್ಲಿ ಸ್ಟೆಡ್‌ಮನ್, ಮಾರ್ಕೇಗರ್ ಮತ್ತು ಬ್ರೋ ಈ ಕ್ಷೇತ್ರಕ್ಕೆ ಪ್ಯಾರಾಫ್ಯಾಕ್ ಎಂಬ ಗಣಿತ ವಿಧಾನವನ್ನು ತಂದರು. ಇದರ ಹುಟ್ಟು ಸ್ವಾರಸ್ಯಕರ. 1970ರಲ್ಲಿ ರಿಚರ್ಡ್ ಹಾರ್ಷ್‌ಮನ್ ಇದನ್ನು ರೂಪಿಸಿದ್ದು ಧ್ವನಿಶಾಸ್ತ್ರದ ನಡುವೆ, ಸ್ವರಗಳ ಅಧ್ಯಯನದ ಹಾದಿಯಲ್ಲಿ. ನೀರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹತ್ತಾರು ನಕಾಶೆಗಳನ್ನು ಒಟ್ಟಿಗೆ ಕೊಟ್ಟರೆ, ಅವೆಲ್ಲವನ್ನೂ ವಿವರಿಸಬಲ್ಲ ಕೆಲವೇ ಘಟಕಗಳಾಗಿ ಬಿಡಿಸಿಕೊಡುತ್ತದೆ. ಕಣ್ಣಳತೆಯಲ್ಲಿ ಶಿಖರ ಗುರುತಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಘಟಕಗಳು ಎಷ್ಟಿರಬೇಕೆಂದು ತೀರ್ಮಾನಿಸುವುದು ಸಂಶೋಧಕರು. ಮೇಲಾಗಿ ಬೆಳಗುವ ಪದಾರ್ಥಗಳು ಒಂದರ ಗೊಡವೆಗೆ ಒಂದು ಹೋಗದೆ, ತಮ್ಮ ಪಾಡಿಗೆ ತಾವು ಬೆಳಗುತ್ತವೆ ಎಂಬುದು ಈ ಗಣಿತದ ಪೂರ್ವಕಲ್ಪನೆ. 2004ರಲ್ಲಿ ಡೆಲ್ ವೆಕಿಯೊ ಮತ್ತು ಬ್ಲೋ ಇದಕ್ಕೇ ಕೈ ಹಾಕಿದರು. ಹ್ಯೂಮಿಕ್ ಪದಾರ್ಥಗಳ ಬೆಳಕಿನ ಗುಣದಲ್ಲಿ ಒಂದು ಪಾಲು, ಅಣುವಿನ ಭಾಗಗಳ ನಡುವೆ ಎಲೆಕ್ಟ್ರಾನ್ ಕೊಡುಕೊಳ್ಳುವಿಕೆಯಿಂದ ಹುಟ್ಟುತ್ತದೆ ಎಂಬುದು ಅವರ ವಾದ. ಮುಂದೆ ಅದಕ್ಕೆ ಪ್ರತಿವಾದಗಳೂ ಬಂದವು. ಯಾರ ಪಕ್ಷ ಗೆಲ್ಲುತ್ತದೋ ಬೇರೆ ಮಾತು. ವಾದ ನಡೆದಿರುವಾಗಲೇ ‘ಘಟಕ 3’ ಎಂಬುದನ್ನು ಬಾಟಲಿಯಲ್ಲಿ ತುಂಬಿಟ್ಟ ವಸ್ತುವಿನಂತೆ ವರ್ಣಿಸುವುದು ನನಗೆ ಒಪ್ಪಿಗೆಯಿಲ್ಲ.

ಸರಿಯಾಗಿ ಅಳೆಯುವುದೂ ಸುಲಭವಲ್ಲ. ಕಡುಬಣ್ಣದ ನೀರು ಒಳಬರುವ ಬೆಳಕನ್ನೂ ಹೊರಹೋಗುವ ಬೆಳಕನ್ನೂ ತಾನೇ ನುಂಗುವುದರಿಂದ, ಹೆಚ್ಚು ಪದಾರ್ಥವಿರುವ ಮಾದರಿ ಕಡಿಮೆ ಬೆಳಗಿದಂತೆ ಕಾಣಬಹುದು. ಹೀರಿಕೆ ಅಳೆದು ಲೆಕ್ಕ ಸರಿಪಡಿಸಬೇಕು, ತೀರಾ ಕಡುವಾಗಿದ್ದರೆ ನೀರು ಬೆರೆಸಿ ತೆಳುಮಾಡಬೇಕು. ಉಷ್ಣತೆ ಒಂದು ಡಿಗ್ರಿ ಏರಿದರೆ ದೀಪ್ತಿ ಸುಮಾರು ಶೇ 1ರಷ್ಟು ಇಳಿಯುತ್ತದೆ. ಕಬ್ಬಿಣ, ತಾಮ್ರದ ಅಯಾನುಗಳು ಅದನ್ನು ಕುಂದಿಸುತ್ತವೆ. ಒಂದು ಪ್ರಯೋಗಾಲಯದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಬಳಸುವ ಅಳತೆಗೋಲಿನ ಹೆಸರು ರಾಮನ್ ಮಾನ. 350 ನ್ಯಾನೊಮೀಟರ್ ಬೆಳಕು ಬಿಟ್ಟಾಗ ಶುದ್ಧ ನೀರೇ 397ರ ಸುಮಾರಿಗೆ ಚದುರಿಸುವ ಬೆಳಕು ಅದಕ್ಕೆ ಆಧಾರ. 1923ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ದ್ರವಗಳಲ್ಲಿ ಇಂಥದೇ ಕ್ಷೀಣ ಬೆಳಕನ್ನು ಕಂಡು, ಕಶ್ಮಲದಿಂದ ಬಂದ ಪ್ರತಿದೀಪ್ತಿ ಇರಬಹುದೆಂದು ಮತ್ತೆ ಮತ್ತೆ ಶುದ್ಧೀಕರಿಸಿ ನೋಡಿದ್ದರು. ಅದು ಹೋಗಲಿಲ್ಲ. 1928ರಲ್ಲಿ ಜಗತ್ತಿಗೆ ಗೊತ್ತಾದ ರಾಮನ್ ಪರಿಣಾಮಕ್ಕೆ ಅದು ಮುನ್ಸೂಚನೆಯಾಗಿತ್ತು. ಇಂದಿನವರು ಪ್ರತಿದೀಪ್ತಿಯ ನಕಾಶೆಯಿಂದ ಮೊದಲು ಅಳಿಸಿಹಾಕುವುದೂ ನೀರು ಚದುರಿಸುವ ಆ ಬೆಳಕನ್ನೇ, ಅಳತೆಗೆ ನೆಚ್ಚಿಕೊಳ್ಳುವುದೂ ಅದನ್ನೇ.

ಈ ವಿಧಾನ ಗೆಲ್ಲುವುದು ಅದಕ್ಕೆ ಸಣ್ಣ ಪ್ರಶ್ನೆ ಕೇಳಿದಾಗ. ಈ ಹೊಳೆಗೆ ಕೊಳಚೆ ಎಲ್ಲಿ ಸೇರುತ್ತಿದೆ? ಇಂಗ್ಲೆಂಡಿನ ನದಿಗಳಲ್ಲಿ ಆಂಡಿ ಬೇಕರ್ 2001ರಲ್ಲೇ ಟಿ ಶಿಖರದ ನೆರವಿನಿಂದ ಇದನ್ನು ತೋರಿಸಿದರು. ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಜಾಂಬಿಯಾದ ಬಾವಿಗಳಲ್ಲಿ ಇದೇ ದೀಪ್ತಿ ಅಳೆಯುವ ಕೈ ಉಪಕರಣ ಬಳಸಿದರು. ಬ್ಯಾಕ್ಟೀರಿಯಾ ಬೆಳೆಸಿ ನೋಡಲು ಒಂದು ದಿನ ಬೇಕು; ಯಾವ ಬಾವಿಯನ್ನು ಮೊದಲು ಶಂಕಿಸಬೇಕು ಎಂಬುದನ್ನು ಈ ಉಪಕರಣ ಅಲ್ಲೇ ಹೇಳುತ್ತದೆ.

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಇಂಥ ಕಡೆ, ಕೆರೆಯ ನೀರು ಸುತ್ತಲ ಕೊಳವೆಬಾವಿಗಳಿಗೆ ಇಳಿಯುವಾಗ ಅದರ ಸಾವಯವ ಗುರುತು ಎಷ್ಟು ಉಳಿಯುತ್ತದೆ ಎಂದು ಕೇಳಬಹುದು. ಪ್ರೋಟೀನಿದೆ, ಹ್ಯೂಮಿಕ್ ಇದೆ ಎಂಬ ತೀರ್ಪು ಮಾತ್ರ ಬೇಡ. ನಗರದ ಕೊಳಚೆಯಲ್ಲಿ ಬಟ್ಟೆ ಒಗೆಯುವ ಪುಡಿಯ ಬಿಳುಪುಕಾರಕಗಳು ಇದ್ದೇ ಇರುತ್ತವೆ, ಅವು ಬೆಳಗುವುದು ಹ್ಯೂಮಿಕ್ ಶಿಖರದ ಆಸುಪಾಸಿನಲ್ಲೇ. ಎರಡನ್ನೂ ಬೇರ್ಪಡಿಸಲು ದುಬಾರಿ ಯಂತ್ರ ಬೇಕಿಲ್ಲ. ಮಾದರಿಯನ್ನು ಕೆಲವು ನಿಮಿಷ ಅತಿನೇರಳೆ ದೀಪದ ಕೆಳಗಿಟ್ಟು ಮತ್ತೆ ಅಳೆದರೆ ಬಿಳುಪುಕಾರಕದ ದೀಪ್ತಿ ಸರ್ರನೆ ಕುಸಿಯುತ್ತದೆ, ಹ್ಯೂಮಿಕ್ ಪದಾರ್ಥದ್ದು ನಿಧಾನವಾಗಿ ಇಳಿಯುತ್ತದೆ. ಈ ಎರಡನೇ ಅಳತೆಯಿಲ್ಲದೆ ನಗರದ ಕೆರೆಗಳಲ್ಲಿ ಹ್ಯೂಮಿಕ್ ಪದಾರ್ಥ ಹೆಚ್ಚಿದೆ ಎನ್ನುವ ವರದಿಯನ್ನು ನಾನಂತೂ ನಂಬಲಾರೆ.