ಕನ್ನಡಿಯೊಳಗಿನ ಗಂಟು

ನಡುರಾತ್ರಿ ವಿಚಿತ್ರ ಕನಸು ಬಿದ್ದು ಎದ್ದು ಕೂತ ಎಫ್‌ಬಿಐ ಏಜೆಂಟ್ ಡೇಲ್ ಕೂಪರ್, ಕೆದರಿದ ತಲೆಯಲ್ಲೇ ಊರಿನ ಶೆರಿಫ್‌ಗೆ ಫೋನ್ ಮಾಡುತ್ತಾನೆ. ಲಾರಾ ಪಾಮರ್‌ಳನ್ನು ಕೊಂದವರು ಯಾರೆಂದು ಗೊತ್ತಾಯಿತು ಅನ್ನುತ್ತಾನೆ. ಯಾರದು ಎಂದರೆ, ಬೆಳಿಗ್ಗೆ ಹೇಳಿದರೂ ನಡೆಯುತ್ತದೆ ಎಂದು ಫೋನಿಟ್ಟು, ಎಲ್ಲಿಂದಲೋ ಬರುವ ಸಂಗೀತಕ್ಕೆ ಚಿಟಿಕೆ ಹಾಕುತ್ತಾನೆ. ಕಂತು ಮುಗಿಯಿತು.

ಅಕ್ಕನ ಮಗ ರಿಮೋಟಿಗೆ ಕೈ ಚಾಚಿದ. ನಾನು ಅದನ್ನಾಗಲೇ ದಿಂಬಿನಡಿ ಸೇರಿಸಿದ್ದೆ.

“ಮಾಮ, ಇನ್ನೊಂದೇ ಒಂದು ಕಂತು!”

“ಮುಂದಿನ ಭಾನುವಾರ ಕಣೋ.”

“ಸರಿಯಾಗಿ ಮಾಡಿದಿರಿ ಬಿಡಿ,” ಎಂದು ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ನೋಟ್‌ಬುಕ್ ತೆರೆದರು.

ನಮ್ಮ ಮನೆಯ ಕಟ್ಟಳೆ ಇದು. ಪತ್ತೇದಾರಿ ಧಾರಾವಾಹಿಯಾದರೆ ವಾರಕ್ಕೆ ಒಂದೇ ಕಂತು. ಮೂವತ್ತನ್ನೂ ಎರಡು ರಾತ್ರಿಯಲ್ಲಿ ನುಂಗುವವರ ಮೇಲೆ ನನಗೆ ಸಿಟ್ಟಿಲ್ಲ, ಕನಿಕರ ಇದೆ. ಈ ಬಗೆಯ ಕಥೆ ಅರ್ಧ ನಡೆಯುವುದು ಪರದೆಯ ಮೇಲೆ. ಉಳಿದರ್ಧ ಒಂದು ಕಂತಿಗೂ ಇನ್ನೊಂದಕ್ಕೂ ನಡುವಿನ ಏಳು ದಿನಗಳಲ್ಲಿ, ನೋಡಿದವರ ಮಾತಿನಲ್ಲಿ. 1990ರ ಏಪ್ರಿಲ್ 19ರ ಗುರುವಾರ ಅಮೆರಿಕದಲ್ಲಿ ಈ ಕಂತು ಪ್ರಸಾರವಾದಾಗ ಅಲ್ಲಿಯವರೂ ವಾರವಿಡೀ ತಲೆ ಕೆರೆದುಕೊಂಡಿದ್ದರು. ಮುಂದಿನ ಕಂತಿನಲ್ಲಿ ಕೂಪರ್ ಬಾಯಿಬಿಟ್ಟಿದ್ದೇನು? ಹೆಸರು ಮರೆತುಹೋಗಿದೆ, ಕನಸು ಒಂದು ಒಗಟು, ಅದನ್ನು ಬಿಡಿಸಿದರೆ ಕೊಲೆಯ ಗಂಟೂ ಬಿಚ್ಚಿಕೊಳ್ಳುತ್ತದೆ, ಅಂತ!

‘ಟ್ವಿನ್ ಪೀಕ್ಸ್’ ಗೊತ್ತಿಲ್ಲದವರಿಗೆ ಎರಡು ಮಾತು. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೇರಿ ಕಟ್ಟಿದ ಧಾರಾವಾಹಿ. ಎಬಿಸಿ ಚಾನೆಲ್ಲಿನಲ್ಲಿ 1990ರ ಏಪ್ರಿಲ್ 8ರಂದು ಶುರುವಾಯಿತು. ವಾಷಿಂಗ್ಟನ್ ರಾಜ್ಯದ ಕಾಡಂಚಿನ ಪುಟ್ಟ ಊರು. ಎಲ್ಲರ ಮುದ್ದಿನ ಹುಡುಗಿ ಲಾರಾಳ ಶವ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಕೊಂಡು ದಡಕ್ಕೆ ಬಂದಿರುತ್ತದೆ. ಕಾಫಿ ಮತ್ತು ಚೆರ್ರಿ ಪೈ ಕಂಡರೆ ಕರಗುವ ಕೂಪರ್ ತನಿಖೆಗೆ ಬರುತ್ತಾನೆ. ಇನ್ನು ಮುಂದೆ ಕೊಲೆಗಾರನ ಹೆಸರು ಬರುತ್ತದೆ. ನೋಡಬೇಕೆಂದಿರುವವರು ಪತ್ರಿಕೆಯನ್ನು ಇಲ್ಲಿಗೇ ಮಡಚಿಟ್ಟು ನೋಡಿಕೊಂಡು ಬನ್ನಿ. ಅಂಕಣ ಎಲ್ಲಿಗೂ ಓಡಿಹೋಗುವುದಿಲ್ಲ.

ಸುಳಿವುಗಳಲ್ಲೂ ತರಗತಿಗಳಿವೆ. ಮೊದಲ ದರ್ಜೆಯದು ಕಥೆಯೊಳಗೇ ಕಣ್ಣೆದುರಿಗಿದ್ದು, ಎರಡು ಅರ್ಥ ಕೊಡುವಂಥದ್ದು. ಶವಾಗಾರದಲ್ಲಿ ಕೂಪರ್ ಲಾರಾಳ ಉಂಗುರ ಬೆರಳಿನ ಉಗುರಿನಡಿ ಚಿಮುಟ ತೂರಿಸಿ ಒಂದು ಚಿಕ್ಕ ಕಾಗದದ ಚೂರು ಎಳೆಯುತ್ತಾನೆ. ಅದರ ಮೇಲೆ ಅಚ್ಚಾದ ‘ಆರ್’ ಅಕ್ಷರ. ಹಿಂದೆ ಕೊಲೆಯಾದ ತೆರೇಸಾ ಬ್ಯಾಂಕ್ಸ್‌ಳ ಉಗುರಿನಡಿ ಸಿಕ್ಕಿದ್ದು ‘ಟಿ’. ದಾಳಿಯಿಂದ ಬದುಕುಳಿದ ರೋನೆಟ್‌ಳ ಉಗುರಿನಡಿ ‘ಬಿ’. ಆಗಿನ ಅಭಿಮಾನಿಗಳು ಕಂತನ್ನು ವಿಸಿಆರ್‌ನಲ್ಲಿ ಮುದ್ರಿಸಿಕೊಂಡು, ಹಿಂದೆ ಮುಂದೆ ಓಡಿಸಿ, ಈ ಅಕ್ಷರಗಳಿಂದ ಯಾವ ಹೆಸರು ಕೂಡಿಬರುತ್ತದೆಂದು ಜೋಡಿಸುತ್ತ ಕೂತರು. ಕೊನೆಗೆ ಮೂಡಿದ ಹೆಸರು ರಾಬರ್ಟ್. ಅದನ್ನೇ ಮೊಟಕು ಮಾಡಿದರೆ ಬಾಬ್.

ಎರಡನೆಯ ದರ್ಜೆಯದು ಕಥೆಯ ಹೊರಗಿನದು. ನಮ್ಮ ಹುಡುಗ ನಾಲ್ಕನೇ ಭಾನುವಾರವೇ ಹೇಳಿಬಿಟ್ಟ: “ಲಾರಾಳ ಅಪ್ಪನೇ ಮಾಮ. ಇಷ್ಟು ಒಳ್ಳೇ ನಟನನ್ನು ಬರೀ ಅಳೋದಕ್ಕೆ ಹಾಕಿಕೊಂಡಿರ್ತಾರಾ?” ಅಪ್ಪ ಲೇಲಂಡ್ ಪಾಮರ್‌ನ ಪಾತ್ರ ರೇ ವೈಸ್‌ರದ್ದು. ನಾನು ನಕ್ಕೆ. ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಂಡು, ಪಕ್ಕದಲ್ಲಿ ಸೊನ್ನೆ ಸುತ್ತಿದರು. “ಸ್ಟೆಪ್ಸ್ ಎಲ್ಲಪ್ಪಾ? ಸ್ಟೆಪ್ಸ್ ಇಲ್ಲದ ಉತ್ತರಕ್ಕೆ ಮಾರ್ಕ್ಸ್ ಕೊಡೋಕಾಗಲ್ಲ.”

ನನ್ನ ಹತ್ತಿರ ಸ್ಟೆಪ್ಸ್ ಇದ್ದವು. ಹೋಟೆಲ್ ಮಾಲೀಕ ಬೆನ್ ಹಾರ್ನ್ ವಿರುದ್ಧ ಹದಿನಾಲ್ಕು ಅಂಶ, ಎಲ್ಲದಕ್ಕೂ ಕಂತಿನ ಸಂಖ್ಯೆ ಸಮೇತ. ಅಷ್ಟೇಕೆ, ಕಥೆಯೊಳಗಿನ ಪೊಲೀಸರೇ ಒಂದು ದಿನ ಅವನಿಗೆ ಕೋಳ ತೊಡಿಸಿದರು. ನಾನು ಕಾಲರ್ ಎತ್ತಿಕೊಂಡು ಕೂತಿದ್ದ ಆ ಗಳಿಗೆಯಲ್ಲೇ ಮೇಷ್ಟ್ರು ಮೆಲ್ಲಗೆ ಕೇಳಿದರು: “ಇನ್ನೂ ಅಷ್ಟೊಂದು ಕಂತು ಉಳಿದಿವೆಯಲ್ಲ ಸ್ವಾಮಿ, ಇಷ್ಟು ಬೇಗ ಅರೆಸ್ಟಾ?” ಗಮನಿಸಿ, ಅವರು ಕೊಟ್ಟ ಸುಳಿವೂ ಕಥೆಯ ಹೊರಗಿನದೇ. ಮೇಷ್ಟ್ರ ಮನೆ ದೋಸೆಯೂ ತೂತೇ!

ಹೊರಗಿನದು, ಒಳಗಿನದು ಎಂದು ನಾನು ಎಳೆದ ಗೆರೆಯನ್ನು ಅಳಿಸಿಹಾಕುವ ಒಂದು ಪ್ರಸಂಗವಿದೆ. ಮೊದಲ ಕಂತಿನ ಚಿತ್ರೀಕರಣ. ಫ್ರಾಂಕ್ ಸಿಲ್ವಾ ಎಂಬ ಸೆಟ್ ಡ್ರೆಸ್ಸರ್ ಲಾರಾಳ ಕೋಣೆಯಲ್ಲಿ ಪೀಠೋಪಕರಣ ಸರಿಸುತ್ತಿದ್ದಾನೆ. ಉದ್ದ ಕೂದಲಿನ ಆ ಮನುಷ್ಯನನ್ನು ಕಂಡು ಲಿಂಚ್‌ಗೆ ಏನೋ ಹೊಳೆಯಿತು. ಮಂಚದ ಕಾಲಬುಡದಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ, ಸರಳುಗಳ ಸಂದಿಯಿಂದ ನೋಡುವಂತೆ ಹೇಳಿ, ಒಂದು ಶಾಟ್ ತೆಗೆದಿಟ್ಟರು. ಯಾಕೆಂದು ಅವರಿಗೇ ಖಚಿತವಿರಲಿಲ್ಲ. ಆಮೇಲೆ ಲಾರಾಳ ತಾಯಿ ಸೋಫಾದಲ್ಲಿ ದಿಗ್ಗನೆದ್ದು ಚೀರುವ ದೃಶ್ಯ. ಟೇಕ್ ಚೆನ್ನಾಗಿ ಬಂತು. ಆದರೆ ಕ್ಯಾಮೆರಾದವರು ಇದು ಕೆಟ್ಟಿದೆ ಅಂದರು: ಹಿಂದಿನ ಕನ್ನಡಿಯಲ್ಲಿ ಯಾರೋ ಕಾಣುತ್ತಿದ್ದಾರೆ. ಯಾರು? ಅದೇ ಫ್ರಾಂಕ್. ಬೇರೆಯವರಾಗಿದ್ದರೆ ಬೈದು ಇನ್ನೊಂದು ಟೇಕ್ ತೆಗೆಯುತ್ತಿದ್ದರು. ಲಿಂಚ್ ಆ ಪ್ರತಿಬಿಂಬವನ್ನೇ ಇಟ್ಟುಕೊಂಡರು. ಬಾಬ್ ಎಂಬ ದುಷ್ಟಶಕ್ತಿ ಹುಟ್ಟಿದ್ದು ಅಲ್ಲಿ. ಕೈತಪ್ಪಿ ನುಸುಳಿದ್ದು ಕಥೆಯ ಬೆನ್ನುಮೂಳೆಯಾಯಿತು. ಶವಾಗಾರದಲ್ಲಿ ಮಿಣುಕುವ ಟ್ಯೂಬ್‌ಲೈಟ್ ಕೂಡ ನಿಜವಾಗಿಯೂ ಕೆಟ್ಟಿದ್ದದ್ದೇ.

ಹಾಗಾದರೆ ಫ್ರೇಮು ನಿಲ್ಲಿಸಿ ಕನ್ನಡಿಯಲ್ಲಿ ಮುಖ ಹುಡುಕಿದವರು ಮೋಸಹೋದರೆ? ಖಂಡಿತ ಇಲ್ಲ. ಕಥೆಗಾರ ನೋಡಿ ಬಿಡದೆ ಹಿಡಿದುಕೊಂಡದ್ದನ್ನೇ ಅವರೂ ಹಿಡಿದರು. ಸುಳಿವು ಎಂಬುದು ಮೊದಲೇ ಹೂತಿಟ್ಟ ನಿಧಿಯಾಗಬೇಕಿಲ್ಲ. ಸಿಕ್ಕಿದ ಮೇಲೆ ಕಥೆ ಅದರ ಋಣ ತೀರಿಸಿದರೆ ಸಾಕು. ‘ಟ್ವಿನ್ ಪೀಕ್ಸ್’ ತೀರಿಸಿತು. 1990ರ ನವೆಂಬರ್ 10ರ ಶನಿವಾರ, ಲೇಲಂಡ್ ಕನ್ನಡಿಯ ಮುಂದೆ ನಿಂತಾಗ ಅದರೊಳಗೆ ನಗುತ್ತಿದ್ದದ್ದು ಬಾಬ್‌ನ ಮುಖ. 1991ರ ಜೂನ್ 10ರ ಕಂತಿನ ಕೊನೆಯಲ್ಲಿ ಕೂಪರ್ ಹಣೆ ಚಚ್ಚಿಕೊಳ್ಳುವುದೂ ಕನ್ನಡಿಗೇ.

ಕೊಲೆಗಾರ ಯಾರೆಂದು ಹೇಳುವ ಇಚ್ಛೆ ಲಿಂಚ್‌ಗೆ ಇರಲಿಲ್ಲ. ಚಾನೆಲ್ಲಿನ ಒತ್ತಡಕ್ಕೆ ಹೇಳಿದ್ದು. ಗುಟ್ಟು ಸೋರದಂತೆ ನವೆಂಬರ್ ಕಂತಿನ ಕೊಲೆಯ ದೃಶ್ಯವನ್ನು ಮೂವರು ನಟರೊಂದಿಗೆ ಬೇರೆಬೇರೆಯಾಗಿ ಚಿತ್ರಿಸಿದ್ದರಂತೆ. ಚಿನ್ನದ ಮೊಟ್ಟೆ ಇಡುವ ಕೋಳಿಯನ್ನು ಕೊಯ್ದರು ಎಂದು ಲಿಂಚ್ ಕಡೆಯವರೆಗೂ ಹಳಹಳಿಸಿದರು. ಪ್ರಶ್ನೆ ಹೋದ ಮೇಲೆ ನೋಡುಗರೂ ಕರಗಿದರು, ಧಾರಾವಾಹಿ ನಿಂತಿತು. ಕನ್ನಡಿಯೊಳಗಿನ ಗಂಟು ಕೈಗೆ ಸಿಗುವುದಿಲ್ಲ ಎಂದು ನಮ್ಮವರು ಬೇಸರದಿಂದ ಹೇಳುತ್ತಾರೆ. ಸಿಗದಿರುವುದೇ ಅದರ ಸೊಗಸು ಅನ್ನುವ ಪಂಗಡ ಲಿಂಚ್‌ರದ್ದು.

ಇಲ್ಲಿ ಮಾತ್ರ ನಾನು ಗುರುವಿಗೆ ಪೂರ್ತಿ ತಲೆಬಾಗಲಾರೆ. ಉತ್ತರ ಸಿಕ್ಕಿದ್ದರಿಂದ ಒಗಟು ಸಾಯುವುದಿಲ್ಲ, ಉತ್ತರ ಅದಕ್ಕೆ ಹೊಂದದಿದ್ದರೆ ಸಾಯುತ್ತದೆ. 2016ರಲ್ಲಿ ‘ವೆಸ್ಟ್‌ವರ್ಲ್ಡ್’ ಬಂದಾಗ ಎರಡು ದೃಶ್ಯಗಳಲ್ಲಿ ಕಂಪನಿಯ ಲಾಂಛನ ಬೇರೆಬೇರೆ ಇರುವುದನ್ನು ಹಿಡಿದೇ ನೋಡುಗರು ಇವು ಎರಡು ಕಾಲಗಳ ಕಥೆಗಳೆಂದೂ, ಸಾಧು ತರುಣ ವಿಲಿಯಮ್ಮನೇ ಕರಿಬಟ್ಟೆಯ ಕ್ರೂರ ಮುದುಕನೆಂದೂ ವಾದಿಸಿದರು. ಸರಿಯಾಗಿಯೇ ಇತ್ತು. ಅದು ಬರೆದವರ ಸೋಲಲ್ಲ, ನ್ಯಾಯವಾಗಿ ಆಡಿದ್ದಕ್ಕೆ ಪುರಾವೆ. ಆದರೆ ಎರಡನೇ ಸೀಸನ್ನಿನ ಒಂದು ತಿರುವನ್ನು ನೋಡುಗರು ಆಗಲೇ ಊಹಿಸಿದ್ದಾರೆಂದು ಅದನ್ನು ಬದಲಿಸುತ್ತಿರುವುದಾಗಿ ಜೊನಾಥನ್ ನೋಲನ್ ಹೇಳಿದ್ದು ಕೇಳಿ ಪೆಚ್ಚಾದೆ. ಮಕ್ಕಳು ಲೆಕ್ಕ ಸರಿಮಾಡಿದರೆಂದು ಉತ್ತರವನ್ನೇ ತಿದ್ದುವ ಮೇಷ್ಟ್ರನ್ನು ಎಲ್ಲಾದರೂ ಕಂಡಿದ್ದೀರಾ?

ಆದ್ದರಿಂದ ನನ್ನ ಪರೀಕ್ಷೆ ಒಂದೇ: ಎಲ್ಲ ಗೊತ್ತಾದ ಮೇಲೆ ಎರಡನೇ ಸಲ ನೋಡಿ. ಮೊದಲಿಗಿಂತ ಹೆಚ್ಚು ಕಂಡರೆ ಸುಳಿವುಗಳು ಅಪ್ಪಟ.

ನಾವು ಮೂವರೂ ಈಗ ಮತ್ತೆ ಮೊದಲಿನಿಂದ ನೋಡುತ್ತಿದ್ದೇವೆ. ಹೋದ ಭಾನುವಾರ ಲೇಲಂಡ್ ಮಗಳ ಫೋಟೋ ಎದೆಗವಚಿಕೊಂಡು, ಹಾಡು ಹಾಕಿಕೊಂಡು, ಅಳುತ್ತ ಗಿರಗಿರನೆ ಕುಣಿಯುವ ದೃಶ್ಯ ಬಂತು. ಹೆಂಡತಿ ಕಿತ್ತುಕೊಳ್ಳಲು ಬರುತ್ತಾಳೆ, ಗಾಜು ಒಡೆಯುತ್ತದೆ, ಅವನ ಅಂಗೈಯ ರಕ್ತ ಮಗಳ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಹುಡುಗ ಸುಮ್ಮನೆ ಕೂತಿದ್ದ. ನಾನು ನೋಟ್‌ಬುಕ್‌ನಲ್ಲಿ ಲೇಲಂಡನ ಪುಟ ತಿರುವಿದೆ. ಬೆನ್ ಹಾರ್ನ್‌ಗೆ ಹದಿನಾಲ್ಕು ಅಂಶ ಬರೆದಿದ್ದ ನಾನು, ಇದೇ ದೃಶ್ಯ ನೋಡಿದ ರಾತ್ರಿ ಇವನ ಹೆಸರಿನ ಕೆಳಗೆ ಬರೆದಿದ್ದದ್ದು ಒಂದೇ ಸಾಲು:

“ಪಾಪ, ಮಗಳನ್ನು ಕಳೆದುಕೊಂಡವನು. ಇವನನ್ನು ಬಿಟ್ಟುಬಿಡಿ.”